ಗುಲಾಬಿ ನಾರಿನ ಸಂಶೋಧನೆ

ಪ್ರಯೋಗಾಲಯದ ಏಸಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಚಳಿ ತಡೆಯಲಾರದೆ ಕಿರಿಯ ಸಂಶೋಧಕ ಅತ್ತೆ ಹೆಣೆದುಕೊಟ್ಟಿದ್ದ ಗುಲಾಬಿ ಸ್ವೆಟರ್ ಹಾಕಿಕೊಂಡ. ಅದು ಅಪ್ಪಟ ಪ್ಲಾಸ್ಟಿಕ್ ನೂಲಿನದು. ಸಾಕಿದ ಬೆಕ್ಕಿನಂತೆ ಕೂತಲ್ಲೆಲ್ಲ ಎಳೆ ಉದುರಿಸುತ್ತಿತ್ತು. ಹತ್ತಿ ಬಟ್ಟೆಯಲ್ಲದೆ ಬೇರೇನನ್ನೂ ತೊಟ್ಟು ಒಳಗೆ ಬರಬಾರದೆಂಬ ಫಲಕ ಬಾಗಿಲಲ್ಲೇ ಇತ್ತು. ಅದನ್ನು ಬರೆಸಿ ಹಾಕಿದವನೂ ಅವನೇ.

ಅವನ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ಆ ಸಂಜೆ ತೀರ್ಮಾನವಾಗಲಿತ್ತು. ನಡುಗಡಲಿನಿಂದ ತಂದ ನೀರನ್ನು ಸೋಸಿ ಪ್ಲಾಸ್ಟಿಕ್ ಹುಡುಕುವ ಕೆಲಸ ಅವನ ಪಾಲಿಗೆ ಬಂದಿತ್ತು. ಪ್ರಯೋಗಾಲಯದ ಎದುರಿನ ದಡದ ತುಂಬ ಬಾಟಲಿಗಳು ಬಿದ್ದಿದ್ದವು, ನಿಜ. ಆದರೆ ಬಾಟಲಿಯ ಸಂಶೋಧನೆ ಹಳೆಯ ಫ್ಯಾಷನ್. ಆಮೇಲೆ ಚೀಲದ ಕಾಲ ಬಂತು, ಚೂರಿನ ಕಾಲ ಬಂತು. ಈಗ ಕಣ್ಣಿಗೆ ಕಾಣದ್ದನ್ನು ಕಂಡವನೇ ವಿಜ್ಞಾನಿ. ಕಣ್ಣಿಗೆ ಕಾಣುವ ಬಾಟಲಿಗಳನ್ನು ದಾಟಿಕೊಂಡೇ ಎಲ್ಲರೂ ಕೆಲಸಕ್ಕೆ ಬರುತ್ತಿದ್ದರು.

ಸೋಸಿದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಗುಲಾಬಿ ನಾರು! ತನ್ನ ತೋಳು ನೋಡಿಕೊಂಡ. ಅಷ್ಟರಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ, ದೊಡ್ಡ ಗಂಟಲಿನಿಂದಾಗಿ ಎಲ್ಲರ ಬಾಯಲ್ಲಿ 'ಮೈಕು', ಇಣುಕಿ ನೋಡಿಬಿಟ್ಟಿದ್ದ.

"ಅಯ್ಯೋ, ಗುಲಾಬಿ ನಾರು! ಎಲ್ರೂ ಬನ್ರಪ್ಪಾ!"

"ಸುಮ್ನಿರೋ ಪುಣ್ಯಾತ್ಮ, ಇನ್ನೊಂದ್ಸಲ ನೋಡೋಣ" ಎಂದು ಅವನು ಸ್ವೆಟರ್ ಕಿತ್ತು ಮೇಜಿನಡಿ ತುರುಕಿ, ಮತ್ತಷ್ಟು ನೀರು ಸೋಸಿದ. ಕಿತ್ತ ರಭಸಕ್ಕೆ ಎಳೆಗಳೆಲ್ಲ ಹಾರಾಡಿ, ಈ ಸಲ ನಾರು ದುಪ್ಪಟ್ಟಾಯಿತು. ಯಾರೋ ಪತ್ರಿಕೆಗೆ ಫೋನ್ ಮಾಡಿದರು. ನಿರ್ದೇಶಕರು ಊಟ ಬಿಟ್ಟು ಓಡಿಬಂದರು.

"ಭೇಷ್! ಗುಲಾಬಿ ನಮ್ಮಲ್ಲಿ ಯಾರಿಗೂ ಸಿಕ್ಕಿರ್ಲಿಲ್ಲ. ನಿನ್ ಕೆಲ್ಸ ಕಾಯಂ ಅಂತಾನೇ ತಿಳ್ಕೋ!"

ಅವನಿಗೆ ಕುಣಿಯುವಷ್ಟು ಸಂತೋಷವಾಯಿತು, ಭೂಮಿಗಿಳಿದು ಹೋಗುವಷ್ಟು ನಾಚಿಕೆಯೂ ಆಯಿತು. ಸಂಜೆಯ ಹೊತ್ತಿಗೆ ನಾಚಿಕೆಯೇ ಗೆದ್ದಿತು. ನಿರ್ದೇಶಕರ ಕೋಣೆಗೆ ಹೋಗಿ ಸ್ವೆಟರ್ ಅನ್ನು ಮೇಜಿನ ಮೇಲಿಟ್ಟ.

"ಸರ್, ಸಮುದ್ರದ್ದೇನೂ ತಪ್ಪಿಲ್ಲ. ಆ ನಾರು ನಂದೇ."

ನಿರ್ದೇಶಕರು ಸ್ವೆಟರಿನಿಂದ ಒಂದು ಎಳೆ ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎದ್ದು ಬಂದು ತಬ್ಬಿಕೊಂಡರು.

"ಎಲ್ರೂ ಪ್ಲಾಸ್ಟಿಕ್ ಹುಡುಕ್ತಾರೆ ಕಣಯ್ಯಾ, ಯಾರ ಮೈಯಿಂದ ಉದುರ್ತು ಅಂತ ಯಾರು ತೋರಿಸ್ತಾರೆ? ನಾವು ಮೂಲಾನೇ ಹಿಡಿದ್ವಿ! ಇನ್ಮೇಲೆ ಇದೇ ಟ್ರೆಂಡು!"

"ಹಾಗಾದ್ರೆ ನನ್ ಕೆಲ್ಸ, ಸರ್?"

"ಅಲ್ಲೇ ಇರೋದು ತೊಂದ್ರೆ. ಸಂಶೋಧನೆ ಮಾಡೋನೇ ಸಂಶೋಧನೆಯ ವಸ್ತು ಆಗೋ ಹಾಗಿಲ್ಲ, ಅದು ನಿಯಮ. ಕಾಯಂ ಕೆಲ್ಸ ಮೈಕುಗೆ ಕೊಡ್ತೀನಿ, ಅವ್ನು ನಿನ್ನ ಮೇಲೆ ಸಂಶೋಧನೆ ಮಾಡ್ಲಿ. ನೀನು ನಾಳೆಯಿಂದ ಸ್ವೆಟರ್ ಹಾಕ್ಕೊಂಡು ಗಾಜಿನ ಕೋಣೇಲಿ ಕೂತಿರು, ಸಾಕು."

ಅವನು ಸ್ವೆಟರ್ ಎತ್ತಿಕೊಂಡು ಹೊರಬಂದ. ಬಾಗಿಲಾಚೆ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮೈಕು ಆಗಲೇ ಚಿಮಟ ಹಿಡಿದು ನಿಂತಿದ್ದ.

"ಅಲುಗಾಡ್ಬೇಡ, ನಿನ್ ಭುಜದ ಮೇಲೊಂದು ಸ್ಯಾಂಪಲ್ ಇದೆ" ಎಂದ.