ಏಳನೇ ಪುಟದ ಕೊನೆಯ ಸಾಲು

ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಕಾರಣವಿದೆ. ನನಗೆ ಇಪ್ಪತ್ತೈದಾಗಿದ್ದಾಗ ಹೊಸನಗರದ ಸೋದರಮಾವ ತೀರ್ಥಹಳ್ಳಿಯ ನಮ್ಮ ಮನೆಗೆ ಬಂದರು. ಬೆಲ್ಲ-ನೀರು, ಊಟ, ಎರಡು ಸಲ ಕಾಫಿ, ನೆಂಟರಿಷ್ಟರ ಸೊಂಟನೋವು ಎಲ್ಲ ಮುಗಿಸಿ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿ, "ಬಂದ ವಿಷ್ಯ ಹೇಳಕ್ಕೇ ಮರ್ತೆ ಮಾರಾಯ್ತಿ, ನಿಂಗೊಂದು ಗಂಡು ನೋಡಿದೀನಿ" ಎಂದರು. ಬಸ್ಸು ಹೊರಟುಬಿಟ್ಟಿತು. ಮುಂದಿನ ಸಲ ಅವರು ಬರುವಷ್ಟರಲ್ಲಿ ಆ ಗಂಡಿಗೆ ಮದುವೆಯಾಗಿತ್ತು. ನಾನು ಸಾಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾ ಬಾಡಿಗೆ ಮನೆಯಲ್ಲಿ ಒಬ್ಬಳೇ ಉಳಿದೆ.

ನಮ್ಮ ಕಾಲೇಜಿನ ಮಕ್ಕಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದೂ ನಮ್ಮ ಮಾವ ಬಂದ ಹಾಗೆಯೇ. ವ್ಯಾಕರಣಕ್ಕೇನೂ ಧಾಡಿಯಿಲ್ಲ, ಆದರೆ ಯಾಕೆ ಬರೆಯುತ್ತಿದ್ದಾರೆಂಬುದು ಎದ್ದು ಹೊರಡುವಾಗ ತಿಳಿಯುತ್ತದೆ. ಅಣೆಕಟ್ಟಿನ ಹಿನ್ನೀರಿನಾಚೆಯ ಬ್ಯಾಕೋಡಿನ ಸುಮಾ ಕೊನೆಯ ವರ್ಷದ ವಿದ್ಯಾರ್ಥಿನಿ. ತನ್ನ ಕಡೆಯ ಹುಡುಗಿಯರು ಯಾಕೆ ಓದು ಬಿಡುತ್ತಾರೆಂದು ಪ್ರಾಜೆಕ್ಟ್ ಬರೆದಿದ್ದಳು. ಮೊದಲ ಪುಟದ ತುಂಬ ಹಿನ್ನೀರು. ಎರಡರಿಂದ ಐದರವರೆಗೆ ಅಜ್ಜಿ ಮತ್ತು ಅಜ್ಜಿಯ ಒಡೆದ ಸ್ಲೇಟು. ಹಾಸ್ಟೆಲಿನಲ್ಲಿ ಜಾಗ ಸಿಗದೆ ಬಿಡುತ್ತಾರೆ ಎಂಬ ಅಸಲು ಮಾತು ಏಳನೇ ಪುಟದ ಕೊನೆಯ ಸಾಲಿನಲ್ಲಿತ್ತು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಎಂದೆ.

"ಬಂದ ಕೂಡ್ಲೇ ವಿಷ್ಯ ಹೇಳಿದ್ರೆ, ಓದೋರು ಮುಂದೆ ಎಂತಕ್ಕೆ ಕೂರ್ತಾರೆ ಮೇಡಂ?"

ಇವಳನ್ನು ತಿದ್ದಲೇಬೇಕೆಂದು ಪ್ರತಿ ಶನಿವಾರ ಮಧ್ಯಾಹ್ನ ಮನೆಗೆ ಬರಹೇಳಿದೆ. ಎರಡು ತಿಂಗಳು ಬಂದಳು. ಅರ್ಧ ಗಂಟೆ ನಾನು ಕೆಂಪು ಪೆನ್ನಿನಲ್ಲಿ ಅಜ್ಜಿಯನ್ನು ಹೊಡೆದುಹಾಕುವುದು. ಉಳಿದ ಎರಡು ಗಂಟೆ ಅವಳು ಒಗ್ಗರಣೆ ಅವಲಕ್ಕಿ ತಿನ್ನುತ್ತಾ ಅದೇ ಅಜ್ಜಿಯ ಸುದ್ದಿ ಹೇಳುವುದು, ನಾನು ಬಾಯಿಬಿಟ್ಟುಕೊಂಡು ಕೇಳುವುದು. ನಿಜ ಹೇಳುತ್ತೇನೆ, ಶುಕ್ರವಾರವೇ ನಾನು ಎರಡನೇ ಲೋಟ ತೊಳೆದಿಡುತ್ತಿದ್ದೆ. ಉಳಿದ ದಿನ ನನ್ನ ಮನೆಯಲ್ಲಿ ಸದ್ದು ಮಾಡುವುದು ಕುಕ್ಕರ್ ಒಂದೇ. ಎಷ್ಟೋ ಸಲ ಅದಕ್ಕೇ "ಬಂದೆ ಇರು" ಎಂದು ಉತ್ತರ ಕೊಟ್ಟಿದ್ದೇನೆ.

ಹೋದ ಶನಿವಾರ ಸುಮಾ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು. "ವಿಷ್ಯ ಮೊದ್ಲೇ ಹೇಳ್ತೀನಿ ಮೇಡಂ. ಎಲ್ಲಾ ತಿದ್ದಿ ಬರ್ದಾಯ್ತು. ಇನ್ನು ಶನಿವಾರ ಬರೋದಿಲ್ಲ. ಸೋಮವಾರ ಕಾಲೇಜಲ್ಲಿ ವಾಪಸ್ ಕೊಟ್ರೆ ಸಾಕು." ಕಾಗದ ಕೈಗಿತ್ತು ಹೊರಟೇಬಿಟ್ಟಳು. ಒಳಗೆ ಬಾಣಲೆಯಲ್ಲಿ ಇಬ್ಬರಿಗಾಗುವಷ್ಟು ಅವಲಕ್ಕಿ ಇತ್ತು.

ಕೂತು ಓದಿದೆ. ಮೊದಲ ಸಾಲಿನಲ್ಲೇ ಹಾಸ್ಟೆಲಿನ ಮಾತು. ಆಮೇಲೆ ಕಾರಣ, ಆಮೇಲೆ ಉದಾಹರಣೆ, ಎಲ್ಲ ನಾನು ಹೇಳಿಕೊಟ್ಟಂತೆಯೇ. ಅಜ್ಜಿಯ ಸುಳಿವೇ ಇಲ್ಲ. ಪಾಠ ಹೇಳಿದವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಒಂದಾದರೂ ತಪ್ಪು ಸಿಕ್ಕೀತೆಂದು ಮೂರು ಸಲ ಓದಿದೆ. ಸಿಗಲಿಲ್ಲ. ಕಡೆಗೆ ಕೆಂಪು ಪೆನ್ನು ತೆಗೆದು ಮೊದಲ ಸಾಲಿಗೇ ಅಡಿಗೆರೆ ಎಳೆದು ಪಕ್ಕದಲ್ಲಿ ಬರೆದೆ: "ವಿಷಯ ಇಷ್ಟು ಬೇಗ ಬರಬಾರದು. ಅಜ್ಜಿ ಎಲ್ಲಿ? ಶನಿವಾರ ಮನೆಗೆ ಬಂದು ಕಾಣುವುದು."