ಮೇಡಂ ತೊಡೆ ಏರಿದ ಹೊಸ್ತಿಲು

ಮರ ಕಂಡಲ್ಲೆಲ್ಲ ಬೆರಳ ಗೆಣ್ಣಲ್ಲಿ ತಟ್ಟಿ ನೋಡೋ ಚಟ ಇರೋನಿಗೆ ಫಜೀತಿ ತಪ್ಪಿದ್ದಲ್ಲ. ತರೀಕೆರೆಯಲ್ಲಿ ಬಾಗಿಲು, ಕಿಟಕಿ ಮಾಡಿಕೊಂಡು ಸುಮ್ಮನಿದ್ದ ನನಗೆ ಗಿಟಾರ್ ಮಾಡೋ ಹುಚ್ಚು ಹಿಡೀತು. ಆಮೇಲೆ ಶುರುವಾಯಿತು ನೋಡಿ. ಗಿಟಾರಿನ ಬೆನ್ನಿಗೆ, ಪಕ್ಕಕ್ಕೆ ಹಾಕೋ ಗಟ್ಟಿಮರ ತಟ್ಟಿದರೆ ಗುಂಯ್ ಅನ್ನಬೇಕು. ದಬ್ ಅಂದರೆ ಒಲೆಗೇ ಸೈ. ನಾನು ಮಾಡಿದ ಮೊದಲನೇದು ದಬ್ ಅಂತು, ಯಾರೂ ಕೊಳ್ಳಲಿಲ್ಲ.

ಅಷ್ಟರಲ್ಲಿ ಬೀರೂರಿನಲ್ಲಿ ಮಕ್ಕಳಿಗೆ ಗಿಟಾರ್ ಕಲಿಸೋ ಮೇಡಂ ಒಬ್ಬರು, "ಒಂದು ಮಾಡಿ, ನುಡಿಸಿ ನೋಡಿ ತಗೋತೀನಿ" ಅಂದರು. ನನ್ನ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಳು: "ಇದನ್ನೂ ಅವ್ರು ಬೇಡ ಅಂದ್ರೆ ಮತ್ತೆ ಬಾಗ್ಲು ಮಾಡಕ್ಕೆ ಕೂತ್ಕೊಳಿ. ಬಾಗ್ಲು ಬೇಡ ಅಂದೋರು ಇನ್ನೂ ಹುಟ್ಟಿಲ್ಲ."

ಆ ಒಂದು ಗಿಟಾರಿನ ಕತೆ ಇದು.

೧. ಹೆಣ್ಣು ನೋಡೋ ಶಾಸ್ತ್ರ

ತಂಗಿಯ ಮಗನಿಗೆ ಹೆಣ್ಣು ನೋಡೋಕೆ ಅಜ್ಜಂಪುರಕ್ಕೆ ಹೋಗಿದ್ದೆವು. ಹಳೇ ಕಾಲದ ಮನೆ, ನನ್ನ ಪಕ್ಕದಲ್ಲೇ ಒಂದು ಕಂಬ. ಹುಡುಗಿ ಕಾಫಿ ಹಿಡಿದು ಬಂದಳು. ಎಲ್ಲರೂ ಹುಡುಗಿ ನೋಡಿದರು, ನಾನು ಕಂಬಕ್ಕೆ ಕಿವಿ ಇಟ್ಟು ತಟ್ಟುತ್ತಾ ಇದ್ದೆ. ತಂಗಿ ಎರಡು ಸಲ ಚಿವುಟಿದಳು, ನನಗೆ ಗೊತ್ತೇ ಆಗಲಿಲ್ಲ.

ಹುಡುಗಿಯ ಅಪ್ಪ ಬಹಳ ಹೊತ್ತು ತಡೆದುಕೊಂಡರು. ಆಮೇಲೆ, "ಯಜಮಾನ್ರೇ, ಕಂಬಕ್ಕೆ ಗೆದ್ದಲು ಹಿಡಿದಿಲ್ಲ. ಅದು ಒಪ್ಪಿಗೆ ಆಗಿದ್ರೆ ಹುಡುಗೀನೂ ಒಂದ್ಸಲ ನೋಡ್ಬಿಡಿ" ಅಂದರು.

ನಾನು ನಾಚಿಕೆ ಬಿಟ್ಟು ವಿಷಯ ಹೇಳಿದೆ. ಒಳ್ಳೆಯ ಮನುಷ್ಯ, ನಕ್ಕು ದಾರಿ ತೋರಿಸಿದರು. ಲಕ್ಕವಳ್ಳಿ ಹತ್ತಿರ ಅವರ ದೊಡ್ಡಮ್ಮನ ಹಳೇ ಮನೆ ಕೆಡವುತ್ತಿದ್ದಾರಂತೆ, ಬೀಟೆ ಮರದ ಬಾಗಿಲಂತೆ. ಸಂಬಂಧವೂ ಕುದುರಿತು. ತಂಗಿ ಮಾತ್ರ ಮದುವೆ ದಿನ ನನ್ನನ್ನು ಕಂಬ ಇಲ್ಲದ ಕಡೆ ಕೂರಿಸಿದಳು.

೨. ಬೂಟುಗಾಲು

ಆ ದೊಡ್ಡಮ್ಮ, ಅಂದರೆ ಅಜ್ಜಿ, ಬಲು ಗಟ್ಟಿಗಿತ್ತಿ. ಬಾಗಿಲ ಹಲಗೆ ಜೊತೆಗೆ ಹೊಸ್ತಿಲನ್ನೂ ಕೊಟ್ಟರು. "ಮದ್ವೆಯಾಗಿ ಬಂದಾಗ ಅಕ್ಕಿ ಸೇರು ಒದ್ದು ದಾಟಿದ ಹೊಸ್ತಿಲು ಕಣಪ್ಪ. ಒಲೆಗೆ ಗಿಲೆಗೆ ಇಟ್ಟೆ ಅಂದ್ರೆ ನಿನ್ ಕೈ ಮುರೀತೀನಿ. ಮಾಡಿದ್ಮೇಲೆ ನಂಗೆ ತೋರಿಸ್ಬೇಕು" ಅಂದರು.

ದಾರಿಯಲ್ಲಿ ಚೆಕ್‌ಪೋಸ್ಟಿನಲ್ಲಿ ಫಾರೆಸ್ಟ್ ಗಾರ್ಡ್ ಆಟೋ ನಿಲ್ಲಿಸಿದ. "ಬೀಟೆನಾ? ಎಲ್ಲಿ ಕಡಿದ್ರಿ?"

"ನಾನು ಹುಟ್ಟೋಕೆ ಮುಂಚೆ ಕಡಿದಿದ್ದು ಸ್ವಾಮಿ, ಹಳೇ ಮನೇದು" ಅಂದೆ.

"ಎಲ್ರೂ ಹಂಗೇ ಅಂತಾರೆ" ಅಂತ ಮರವನ್ನು ಕೆಳಗಿಳಿಸಿ ಬೂಟುಗಾಲಲ್ಲಿ ಹೊರಳಿಸಿದ. ಆ ಕಡೆ ಮುಖದಲ್ಲಿ ಎಷ್ಟೋ ವರ್ಷದ ಅರಿಶಿನ, ಕುಂಕುಮ ಮೆತ್ತಿಕೊಂಡಿತ್ತು. ಕಾಲು ಬೆಂಕಿ ತುಳಿದ ಹಾಗೆ ಹಿಂದಕ್ಕೆ ಬಂತು. ಮುಟ್ಟಿ ಕಣ್ಣಿಗೊತ್ತಿಕೊಂಡ. ಮನೆ ಕೆಡವಿದ ಕಾಗದ ತೆಗೆದರೆ ನೋಡಲೇ ಇಲ್ಲ.

"ಹೊಸ್ತಿಲು ಅಂತ ಮೊದ್ಲೇ ಹೇಳ್ಬಾರ್ದೇನ್ರೀ? ಹೋಗಿ ಹೋಗಿ. ನಮ್ಮನೆಯೋಳಿಗೆ ಮಾತ್ರ ಹೇಳ್ಬೇಡಿ."

ಅವನ ಮನೆಯೋಳು ಯಾರು ಅಂತಲೇ ನನಗೆ ಗೊತ್ತಿಲ್ಲ, ಇನ್ನು ಹೇಳೋದೆಲ್ಲಿ?

೩. ಹುಂಜದ ಬಾಗಿಲು

ಬಾಗಿಲ ಹಲಗೆ ಗಿಟಾರಿನ ಬೆನ್ನಾಯಿತು. ಹೊಸ್ತಿಲನ್ನು ತೆಳ್ಳಗೆ ಸೀಳಿ, ನೆನೆಸಿ, ಕಾದ ಕೊಳವೆಗೆ ಒತ್ತಿ ಬಗ್ಗಿಸಿ ಪಕ್ಕದ ಪಟ್ಟಿ ಮಾಡಿದೆ. ಕತ್ತು ಇನ್ನೂ ಕೂರಿಸಿರಲಿಲ್ಲ. ಕಾಯಿ ವ್ಯಾಪಾರದವರೊಬ್ಬರು ಒಳಗೆ ಬಂದು, ಎತ್ತಿ ನೋಡಿ, ಮುಂದಿನ ದುಂಡು ತೂತಿಗೆ ಕೈ ಹಾಕಿದರು.

"ಕೆಲ್ಸ ನಾಜೂಕಾಗೈತೆ. ಆದ್ರೆ ಬಾಗ್ಲು ಚಿಕ್ಕದಾಯ್ತು. ಕೋಳಿ ನುಗ್ಗಿದ್ರೂ ಹುಂಜ ನುಗ್ಗಲ್ಲ."

೪. ಅಜ್ಜಿಯ ತೀರ್ಮಾನ

ಮೇಡಂ ಬರೋ ದಿನ ಅಜ್ಜಿಯನ್ನೂ ಕರೆಸಿದೆ. ಮಾತು ಕೊಟ್ಟಿದ್ದೆನಲ್ಲ. ಮೇಡಂ ಗಿಟಾರನ್ನು ತಟ್ಟಿ ನೋಡಿದರು, ಗುಂಯ್ ಅಂತು. ಮುಖ ಅರಳಿತು. ಇನ್ನೇನು ತೊಡೆ ಮೇಲೆ ಇಟ್ಟುಕೊಳ್ಳಬೇಕು, ಅಜ್ಜಿ ಸೊಂಟದಿಂದ ಕುಂಕುಮದ ಡಬ್ಬಿ ತೆಗೆದು ಪಕ್ಕದ ಪಟ್ಟಿಗೆ ಹಚ್ಚಿ ಕೈ ಮುಗಿದರು.

"ಇದ್ಯಾಕಜ್ಜಿ?"

"ನಮ್ಮನೆ ಹೊಸ್ತಿಲು ಕಣವ್ವ ಇದು. ಇವತ್ತು ಶುಕ್ರವಾರ."

ಮೇಡಂ ಗಿಟಾರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಹೊಸ್ತಿಲಾ? ಅದ್ರ ಮೇಲೆ ಕೂತ್ರೇನೇ ದರಿದ್ರ ಅಂತಾರೆ. ಇನ್ನು ತೊಡೆ ಮೇಲೆ ಇಟ್ಕೊಂಡು ಬಾರಿಸೋದಾ? ಬೇಡ ಕಣ್ರೀ, ಯಾಕೋ ಮನಸ್ಸು ಒಪ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೂಲೆಯಲ್ಲಿದ್ದ ಕಿಟಕಿ ಚೌಕಟ್ಟಿನ ಕಡೆ ಕಣ್ಣಲ್ಲೇ ತೋರಿಸಿದಳು.

ಅಜ್ಜಿ ಎಲೆಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿ ಯೋಚನೆ ಮಾಡಿದರು. "ಹೊಸ್ತಿಲ ಮೇಲೆ ನೀನು ಕೂರಬಾರ್ದು ಕಣವ್ವ. ಹೊಸ್ತಿಲೇ ಬಂದು ನಿನ್ ಮೇಲೆ ಕೂತ್ರೆ ಯಾವ ಶಾಸ್ತ್ರನೂ ಬೇಡ ಅಂದಿಲ್ಲ."

ಮೇಡಂ ನಕ್ಕುಬಿಟ್ಟರು. ತೊಡೆ ಮೇಲಿಟ್ಟು ನುಡಿಸಿದರು. ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡರು, ನಾನೂ ಆ ಕಡೆ ತಿರುಗಿಕೊಂಡೆ. "ಇಂಥದ್ದೇ ಇನ್ನೆರಡು ಬೇಕು, ನಮ್ಮ ಮಕ್ಕಳಿಗೆ" ಅಂತ ಹೇಳಿ, ದುಡ್ಡು ಕೊಟ್ಟು ಮೇಡಂ ಗಿಟಾರ್ ಹಿಡಿದು ಹೊರಟರು.

ಇನ್ನೆರಡಕ್ಕೆ ಇಂಥ ಮರ ಎಲ್ಲಿ ಹುಡುಕೋದು ಅಂತ ಯೋಚಿಸುತ್ತಾ ನಿಂತೆ. ಕೈ ತನ್ನ ಪಾಡಿಗೆ ತಾನು ಪಕ್ಕದಲ್ಲಿದ್ದ ನಮ್ಮನೆ ಬಾಗಿಲನ್ನು ತಟ್ಟಿತು. ಗುಂಯ್ ಅಂತು.

ನನ್ನ ಹೆಂಡತಿ ಸೀರೆ ಸರಿಮಾಡಿಕೊಂಡು ಹೊಸ್ತಿಲ ಮೇಲೆ ಕೂತೇಬಿಟ್ಟಳು. "ದರಿದ್ರ ಬಂದ್ರೆ ಬರ್ಲಿ. ನಾನಂತೂ ಏಳಲ್ಲ."