ದುಂಡು ತಲೆಗಳನ್ನು ನಂಬುವ ಯಂತ್ರಕ್ಕೆ

ಮಾನ್ಯ ತಲೆ ಅಳೆಯುವ ಯಂತ್ರದವರೇ,

ಹೆರಿಗೆ ವಾರ್ಡಿನ ಬಾಗಿಲ ಬಳಿ, ತೂಕದ ತಕ್ಕಡಿಯ ಪಕ್ಕದಲ್ಲಿ ಕ್ಯಾಮೆರಾ ಕಣ್ಣುಗಳನ್ನು ಮಿಟುಕಿಸದೆ ನಿಂತಿರುವ ತಮಗೆ, ತಮ್ಮ ಕೆಳಗೆ ಕ್ಷಣಕಾಲ ಮಲಗಿ ಅನುಮಾನ ಹೊತ್ತು ಮರಳಿದ ಹಸುಗೂಸಿನ ತಾಯಿಯ ವಂದನೆಗಳು.

ಬಸಿರಿನಲ್ಲೇ ತಾಯಿಯಿಂದ ಮಗುವಿಗೆ ದಾಟುವ ವೈರಸ್ ಒಂದಿದೆಯೆಂದೂ, ಅದು ಕೆಲವು ಮಕ್ಕಳ ತಲೆಯ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದೂ, ಬೇಗ ಪತ್ತೆಯಾಗದಿದ್ದರೆ ಸದ್ದಿಲ್ಲದೆ ಕಿವಿಯನ್ನೇ ಕಸಿಯಬಹುದೆಂದೂ ಡಾಕ್ಟರು ವಿವರಿಸಿದ್ದರು. ತಾವಾದರೋ ನನ್ನ ಮಗಳ ಹಿಂದಕ್ಕೆ ಜಾರಿದ ಹಣೆಯನ್ನು ಕಂಡೊಡನೆ ಕೆಂಪು ದೀಪ ಬೆಳಗಿಸಿ, ಪಕ್ಕದ ಮಂಚದ ಮಗುವಿನ ಚೆಂಡಿನಂಥ ತಲೆಗೆ ಹಸಿರು ದೀಪದ ಮರ್ಯಾದೆ ಸಲ್ಲಿಸಿದಿರಿ. ಅಂದು ಮಧ್ಯಾಹ್ನವಿಡೀ ನಾನು ಮಗಳ ಕಿವಿಯ ಬಳಿ ಚಪ್ಪಾಳೆ ತಟ್ಟುತ್ತ, ಅವಳ ಗಾಢನಿದ್ದೆಯನ್ನು ಕಿವುಡೆಂದು ತಿಳಿದು ಅಳುತ್ತ ಕಳೆದೆ.

ನಮ್ಮ ಅತ್ತೆ ಮಾತ್ರ ಒಮ್ಮೆ ಮಗುವನ್ನೂ ಒಮ್ಮೆ ಮಾವನವರನ್ನೂ ನೋಡಿ, "ಅಳಬೇಡ ಕಣೇ, ಇದು ಅಜ್ಜನ ಹಣೆ, ಅಚ್ಚು ಒತ್ತಿದ ಹಾಗಿದೆ" ಎಂದರು. ಮಾವನವರು ವಂಶದ ಮಾನ ಉಳಿಸಲು ಸ್ವಂತ ಬೋಳು ತಲೆಯನ್ನೇ ತಮ್ಮ ಕ್ಯಾಮೆರಾದ ಕೆಳಗೆ ಒಡ್ಡಿದಾಗ, ತಾವು ಅದೇ ಕೆಂಪು ದೀಪ ಹೊತ್ತಿಸಿ, ಈ ಶಿಶುವನ್ನು ತಕ್ಷಣ ತಜ್ಞರಿಗೆ ತೋರಿಸಿ ಎಂದು ಬರೆದಿರಿ. "ಇವರ ತಲೇಲಿ ಹುಳ ಇದೆ ಅಂತ ಮದುವೆಯಾದ ವರ್ಷವೇ ನಾನು ಹೇಳಿದ್ದೆ, ಯಾರು ಕೇಳಿದ್ರು?" ಎಂದು ಅತ್ತೆ ಹೇಳಿದರು. ತಮ್ಮ ಪಾಂಡಿತ್ಯಕ್ಕೆ ಇಷ್ಟು ಹೃತ್ಪೂರ್ವಕ ಸಮ್ಮತಿ ಬೇರೆಲ್ಲೂ ಸಿಕ್ಕಿರಲಾರದು.

ತಮ್ಮ ಆಜ್ಞೆಯಂತೆ ವೈರಸ್ ಪರೀಕ್ಷೆಗೆಂದು ನನ್ನ ಮಗಳ ಜೊಲ್ಲು ತೆಗೆಯಲು ಬಂದ ನರ್ಸ್, ಪಕ್ಕದ ಮಂಚದ ತಾಯಿಗೂ, "ನಿಮ್ಮ ಮಗೂದೂ ತೆಗೀಲಾ ಅಕ್ಕ? ಲ್ಯಾಬಿಗೆ ಹೇಗೂ ಮೆಟ್ಟಿಲು ಹತ್ತಲೇಬೇಕು, ಒಂದಾದ್ರೇನು, ಎರಡಾದ್ರೇನು" ಎಂದಳು. ಶಾಲೆಯಲ್ಲಿ ಸಂಗೀತ ಕಲಿಸುವ ಆಕೆ ನಗುತ್ತಲೇ ಒಪ್ಪಿದರು. ನನ್ನ ಮಗಳ ಜೊಲ್ಲಿನಲ್ಲಿ ಏನೂ ಇರಲಿಲ್ಲ. ವೈರಸ್ ಇದ್ದದ್ದು ತಾವು ಮೆಚ್ಚಿದ ಆ ದುಂಡು ತಲೆಯ ಮಗುವಿನಲ್ಲಿ. ಮರುಪರೀಕ್ಷೆಯೂ ಅದನ್ನೇ ಹೇಳಿತು.

ಆ ಮಗುವಿನ ಬಲಗಿವಿ ಚೆನ್ನಾಗಿದೆ, ಎಡಗಿವಿ ಮಂದ. ಔಷಧಿ ತಕ್ಕ ಸಮಯಕ್ಕೆ ಶುರುವಾಗಿದೆ. ಆ ತಾಯಿ ಈಗ ಮಗುವನ್ನು ಎತ್ತಿಕೊಂಡಾಗಲೆಲ್ಲ ಬಲಗಿವಿ ತಮ್ಮ ಬಾಯಿಯ ಕಡೆಗೆ ಬರುವಂತೆ ಹಿಡಿದು ಹಾಡುತ್ತಾರೆ. ಆಮೇಲೆ ಮಗ್ಗುಲು ಬದಲಿಸಿ, ಅದೇ ಹಾಡನ್ನು ಎಡಗಿವಿಗೂ ಹಾಡುತ್ತಾರೆ.

ಆದ್ದರಿಂದ ನನ್ನ ದೂರು ತಮ್ಮ ಕೆಂಪು ದೀಪದ ಮೇಲಲ್ಲ. ನಮ್ಮ ಹಣೆಯ ಮೇಲೆ ಅದನ್ನು ಎಷ್ಟು ಬೇಕಾದರೂ ಉರಿಸಿ. ಹಸಿರು ದೀಪವನ್ನು ಮಾತ್ರ ದಯವಿಟ್ಟು ಆರಿಸಿ, ಅಥವಾ ಯಾವ ಮಗುವಿನೊಳಗೂ ಹಣೆಯನ್ನು ಓರೆ ಮಾಡದೆ ಪ್ರವೇಶಿಸಕೂಡದೆಂದು ಸಮಸ್ತ ವೈರಸ್‌ಗಳಿಗೆ ಒಂದು ಸುತ್ತೋಲೆ ಹೊರಡಿಸಿ.

ಓರೆ ಹಣೆಯ ವಂಶದ ಸೊಸೆ,
ಹಾಗೂ ಇಷ್ಟಾದರೂ ತಮ್ಮ ವಿಶ್ವಾಸಿ

ವಿ.ಸೂ.: ಈಗ ವಾರ್ಡಿನ ಪ್ರತಿ ಮಗುವಿನ ಜೊಲ್ಲನ್ನೂ ಪರೀಕ್ಷಿಸುತ್ತಿದ್ದಾರೆ. ಅದರ ಸೀಸೆಗಳ ತಟ್ಟೆಯನ್ನು ತಮ್ಮ ಮೇಲೆಯೇ ಇಡುತ್ತಾರಂತೆ. ಮಕ್ಕಳ ತಪಾಸಣೆಯ ಭಾರವನ್ನು ತಾವು ಕೊನೆಗೂ ಹೊತ್ತಿರೆಂದು ತಿಳಿದು ಸಂತೋಷವಾಯಿತು.